ಸದ್ದು ಮಾಡುವ ಸೈಲೆನ್ಸರ್

“ಮಫ್ಲರ್ ಬಂದಿದೆ ಕಣೋ, ಶನಿವಾರ ಬಾ” ಎಂದು ಗೆಳೆಯ ಜೂನ್ ತಿಂಗಳಲ್ಲಿ ಫೋನ್ ಮಾಡಿದರೆ ಕನ್ನಡದ ಕಿವಿಗೆ ಸ್ವಲ್ಪ ಗೊಂದಲವಾಗುತ್ತದೆ. ನಾನು ಬೆಳೆದ ಮನೆಯಲ್ಲಿ ಮಫ್ಲರ್ ಎಂದರೆ ಡಿಸೆಂಬರಿನ ಬೆಳಗ್ಗೆ ಹಾಲು ತರಲು ಹೊರಡುವಾಗ ಅಪ್ಪ ತಲೆ, ಕಿವಿ ಸೇರಿಸಿ ಸುತ್ತಿಕೊಳ್ಳುತ್ತಿದ್ದ ಉಣ್ಣೆಯ ಪಟ್ಟಿ. ಅಮೆರಿಕದಲ್ಲಿ ಅದು ಕಾರಿನ ಹೊಟ್ಟೆಯಡಿ ನೇತಾಡುವ ಲೋಹದ ಡಬ್ಬಿ. ನಾವು ಅದನ್ನೇ ಸೈಲೆನ್ಸರ್ ಎನ್ನುತ್ತೇವೆ. ಇಲ್ಲಿ ಸೈಲೆನ್ಸರ್ ಎಂದರೆ ಜನಕ್ಕೆ ಮೊದಲು ನೆನಪಾಗುವುದು ಬಂದೂಕಿನ ಮೂತಿಗೆ ಹಾಕುವ ಕೊಳವೆ. ಕಿವಿಯೊಳಗೆ ಬರುವುದನ್ನು ತಡೆಯುವ ಬಟ್ಟೆಯಾಗಲಿ, ಎಂಜಿನ್ನಿನಿಂದ ಹೊರಡುವುದನ್ನು ತಡೆಯುವ ಡಬ್ಬಿಯಾಗಲಿ, ಎರಡರ ಕೆಲಸವೂ ಸದ್ದಡಗಿಸುವುದು. ಗೆಳೆಯ ಡಾಲರ್ ಎಣಿಸಿ ತರಿಸಿದ್ದು ಮಾತ್ರ ಸದ್ದು ಹೆಚ್ಚು ಮಾಡುವ ಸೈಲೆನ್ಸರು.

ಕಾರು 2013ರ ಫೋರ್ಡ್ ಮಸ್ಟ್ಯಾಂಗ್ ಜಿಟಿ. ಐದು ಲೀಟರಿನ ವಿ8 ಎಂಜಿನ್, 420 ಅಶ್ವಶಕ್ತಿ. ಡೆಟ್ರಾಯಿಟ್‌ನ ದಕ್ಷಿಣಕ್ಕಿರುವ ಫ್ಲ್ಯಾಟ್ ರಾಕ್ ಎಂಬ ಊರಿನ ಕಾರ್ಖಾನೆಯಲ್ಲಿ ಹುಟ್ಟಿದ್ದು. ನಮ್ಮ ಮನೆಗಳಿಂದ ಅಲ್ಲಿಗೆ ಒಂದು ಗಂಟೆಯ ದಾರಿಯೂ ಇಲ್ಲ. ಮಸಲ್ ಕಾರ್ ಎಂಬ ಜಾತಿ ಬೆಳೆದದ್ದೇ ಈ ಸೀಮೆಯಲ್ಲಿ. 1964ರಲ್ಲಿ ಪಾಂಟಿಯಾಕ್ ಕಂಪನಿ ತನ್ನ ಮಧ್ಯಮ ಗಾತ್ರದ ಕಾರಿಗೆ 389 ಕ್ಯೂಬಿಕ್ ಇಂಚಿನ, ಅಂದರೆ ಸುಮಾರು 6.4 ಲೀಟರಿನ ಎಂಜಿನ್ ಕೂರಿಸಿ ಜಿಟಿಓ ಎಂದು ಹೆಸರಿಟ್ಟು ಮಾರಿತು. ಮಸ್ಟ್ಯಾಂಗ್ ಬಂದದ್ದೂ ಅದೇ ವರ್ಷ, ಏಪ್ರಿಲ್ 17ರಂದು. ಶಾಸ್ತ್ರ ಬಲ್ಲವರು ಮಸ್ಟ್ಯಾಂಗನ್ನು ಮಸಲ್ ಕಾರ್ ಎಂದು ಒಪ್ಪುವುದಿಲ್ಲ, ಪೋನಿ ಕಾರ್ ಎನ್ನುತ್ತಾರೆ. ಮಾಧ್ವರಲ್ಲಿ ಎಷ್ಟು ಮಠ ಎಂದು ಕೇಳಿದ ಹಾಗೆ ಅದು. ಹೊರಗಿನವರು ತಲೆಹಾಕದಿರುವುದು ಕ್ಷೇಮ.

ಗೆಳೆಯನ ಪರಿಚಯವಾದದ್ದು ಇಲ್ಲಿನ ಪಂಪ ಕನ್ನಡ ಕೂಟದ ಯುಗಾದಿ ಊಟದಲ್ಲಿ, ಹೋಳಿಗೆಯ ಸಾಲಿನಲ್ಲಿ. ಹಗಲು ಹೊತ್ತು ಅವನು ಎಲೆಕ್ಟ್ರಿಕ್ ಕಾರುಗಳ ಬ್ಯಾಟರಿಗೆ ಸಾಫ್ಟ್‌ವೇರ್ ಬರೆಯುತ್ತಾನೆ. ಸದ್ದಿಲ್ಲದ ಕಾರುಗಳು. ಎಷ್ಟು ಸದ್ದಿಲ್ಲವೆಂದರೆ, ಕಣ್ಣು ಕಾಣದವರಿಗೆ ಅಪಾಯವೆಂದು ಗಂಟೆಗೆ 30 ಕಿಲೋಮೀಟರಿಗಿಂತ ನಿಧಾನವಾಗಿ ಹೋಗುವಾಗ ಅವು ಬೇಕೆಂದೇ ಒಂದು ಸದ್ದು ಮಾಡಬೇಕೆಂದು ಇಲ್ಲಿನ ಕಾನೂನು ಹೇಳುತ್ತದೆ. ಆ ಸದ್ದು ದೇವಲೋಕದಲ್ಲಿ ಮಿಕ್ಸಿ ಓಡಿಸಿದ ಹಾಗಿರುತ್ತದೆ. “ಅದಕ್ಕೇ ಕಣೋ, ಸಂಜೆ ಮನೆಗೆ ಬಂದ್ಮೇಲೆ ನಿಜವಾದ ಸದ್ದು ಕೇಳ್ಬೇಕು ಅನ್ಸುತ್ತೆ” ಎನ್ನುತ್ತಾನೆ. ಅದು ಮೇಲಿನ ಕಾರಣ. ಒಳಗಿನದು ಬೇರೆ.

ಅವನ ಅಪ್ಪ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. 1961ರಲ್ಲಿ ಬೈಕು ಕಟ್ಟಲು ಶುರುಮಾಡಿ 1996ರಲ್ಲಿ ಬಾಗಿಲು ಹಾಕಿದ ಆ ಕಾರ್ಖಾನೆಯನ್ನು ಮೈಸೂರಿನ ಒಂದು ಪೀಳಿಗೆ ‘ಜಾವಾ ಫ್ಯಾಕ್ಟ್ರಿ’ ಎಂದೇ ಕರೆಯಿತು. ಬೈಕಿನ ಹೆಸರು ಜಾವಾ ಹೋಗಿ ಯೆಜ್ಡಿ ಆದಮೇಲೂ ಆ ಹೆಸರು ಬದಲಾಗಲಿಲ್ಲ. ಯೆಜ್ಡಿಗೆ ಇದ್ದದ್ದು ಒಂದೇ ಸಿಲಿಂಡರ್, ಸೈಲೆನ್ಸರು ಮಾತ್ರ ಎಡಕ್ಕೊಂದು ಬಲಕ್ಕೊಂದು. ಗೆಳೆಯ ಹುಟ್ಟಿ ಬೆಳೆದ ವಠಾರದಲ್ಲಿ ಸಂಜೆ ಆ ಬೈಕು ಬೀದಿಯ ತಿರುವಿಗೆ ಬಂದ ಕೂಡಲೇ ಅವನ ಅಮ್ಮ ಕಾಫಿಗೆ ಹಾಲಿಡುತ್ತಿದ್ದರಂತೆ. ಬೀದಿಯಲ್ಲಿ ಇನ್ನೂ ನಾಲ್ಕು ಯೆಜ್ಡಿಗಳಿದ್ದವು. ಅಮ್ಮನಿಗೆ ಒಂದು ದಿನವೂ ತಪ್ಪಾಗಲಿಲ್ಲವಂತೆ. ಇನ್ನೊಂದು ವಿಷಯವನ್ನೂ ಅವನು ಹೇಳುತ್ತಾನೆ. ಬೆಳಗಿನ ಪಾಳಿ ಇದ್ದ ದಿನಗಳಲ್ಲಿ ಅಪ್ಪ ಬೈಕನ್ನು ವಠಾರದೊಳಗೆ ಸ್ಟಾರ್ಟ್ ಮಾಡುತ್ತಿರಲಿಲ್ಲ. ಬೀದಿಯ ಕೊನೆಯವರೆಗೆ ತಳ್ಳಿಕೊಂಡು ಹೋಗಿ ಅಲ್ಲಿ ಕಿಕ್ ಹೊಡೆಯುತ್ತಿದ್ದರು. ಮಲಗಿದವರ ನಿದ್ದೆ ಕೆಡಬಾರದು ಎಂದು.

ಆ ಅಪ್ಪನಿಗೆ ಈಗ ಎಪ್ಪತ್ತೆಂಟು. ಕಿವಿ ಮಂದವಾಗುತ್ತ ಬಂದಿದೆ. ಮಗ ತರಿಸಿಕೊಟ್ಟ ಶ್ರವಣಯಂತ್ರ ಬೀರುವಿನಲ್ಲಿದೆ. ಹಾಕಿಕೊಂಡರೆ ಪಾತ್ರೆ ತೊಳೆಯುವ ಸದ್ದೆಲ್ಲ ತಲೆಯೊಳಗೇ ಆಗುತ್ತದಂತೆ. ಮಗ ಊರಿಗೆ ಹೋಗಿ ನಾಲ್ಕು ವರ್ಷ. ಹೋದರೆ ವೀಸಾಕ್ಕೆ ಮತ್ತೆ ಮುದ್ರೆ ಹಾಕಿಸಿಕೊಂಡು ಬರಬೇಕು, ಅದು ಯಾವಾಗ ಸಿಗುತ್ತದೋ ಎಂಬ ಭಯದಲ್ಲಿ ಟಿಕೆಟ್ ಎರಡು ಸಲ ರದ್ದಾಗಿದೆ. ಪ್ರತಿ ಭಾನುವಾರದ ವಿಡಿಯೋ ಕಾಲ್‌ನಲ್ಲಿ ಅಪ್ಪ ಮಗನ ಬಾಯಿ ನೋಡುತ್ತ ಕೂರುತ್ತಾರೆ. ಅಮ್ಮ ಪಕ್ಕದಲ್ಲಿ ಕೂತು, ಅವನು ಹೇಳಿದ್ದನ್ನೇ ಗಟ್ಟಿಯಾಗಿ ಇನ್ನೊಮ್ಮೆ ಹೇಳುತ್ತಾರೆ. ಹೀಗಿರುವಾಗ ಮಾರ್ಚಿಯಲ್ಲಿ ಒಂದು ದಿನ ಅಪ್ಪ ಅವರಾಗಿಯೇ ಕೇಳಿದರಂತೆ: “ನಿನ್ನ ಕಾರಿನ ಸದ್ದು ಹೇಗಿದೆಯೋ? ಒಂದು ದಿನ ಕೇಳಿಸು.” ಮಗ ಹೊರಗೆ ಹೋಗಿ ಸ್ಟಾರ್ಟ್ ಮಾಡಿದ. ಅಪ್ಪನಿಗೆ ಏನೂ ಕೇಳಲಿಲ್ಲ. ಆ ರಾತ್ರಿಯೇ ಇವನು ಹೊಸ ಸೈಲೆನ್ಸರಿನ ಪುಟಗಳನ್ನು ತೆರೆದು ಕೂತಿದ್ದು.

ನನಗೆ ಈ ಗದ್ದಲದ ಮೇಲೆ ಪ್ರೀತಿ ಇಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬುಲೆಟ್ಟಿಗೆ ಗೋಲ್ಡ್‌ಸ್ಟಾರ್ ಸೈಲೆನ್ಸರ್ ಹಾಕಿಸಿಕೊಂಡು ಆಸ್ಪತ್ರೆಯ ಮುಂದೆ ಗುಡುಗಿಸಿಕೊಂಡು ಹೋಗುವವರನ್ನು ಕಂಡು ಶಪಿಸಿದವನು ನಾನು. ಕರ್ನಾಟಕದಲ್ಲಿ ಪೊಲೀಸರು ಅಂಥ ಸೈಲೆನ್ಸರುಗಳನ್ನು ಕಳಚಿಸಿ, ರಸ್ತೆಯ ಮೇಲೆ ಸಾಲಾಗಿ ಜೋಡಿಸಿ, ರೋಡ್ ರೋಲರ್ ಹತ್ತಿಸುವ ವಿಡಿಯೋ ನೋಡಿದಾಗ ಮನಸ್ಸಿಗೆ ಸಮಾಧಾನವಾಗಿದೆ. ಆದರೆ ಅಮೆರಿಕದಲ್ಲಿ ಕೆಲವು ವರ್ಷ ಇದ್ದ ಮೇಲೆ ಸದ್ದಿನ ಲೆಕ್ಕ ನನಗೆ ಅಷ್ಟು ಸರಳವಾಗಿ ಉಳಿಯಲಿಲ್ಲ. ಇಲ್ಲಿಗೆ ಬಂದ ನಮ್ಮವರು ಮೊದಲು ಕಲಿಯುವ ಪಾಠ ಸದ್ದು ಮಾಡದಿರುವುದು. ಅಪಾರ್ಟ್‌ಮೆಂಟಿನ ಮರದ ನೆಲದ ಮೇಲೆ ಮಗು ಓಡಿದರೆ ಕೆಳಗಿನವರು ಕೋಲಿನಿಂದ ಕುಟ್ಟುತ್ತಾರೆ. ಕುಕ್ಕರಿನ ಮೂರನೇ ವಿಷಲ್‌ಗೆ ಮುಂಚೆ ಓಡಿಹೋಗಿ ಒಲೆ ಆರಿಸುತ್ತೇವೆ. ಊರಿನಿಂದ ಬಂದ ಅತ್ತೆ ಸುಪ್ರಭಾತ ಹಾಕಿದರೆ ಸೊಸೆ ಬಂದು ದನಿ ತಗ್ಗಿಸುತ್ತಾಳೆ. ಗೆಳೆಯ ಹದಿನಾಲ್ಕು ವರ್ಷದಿಂದ ಗ್ರೀನ್ ಕಾರ್ಡಿನ ಸರದಿಯಲ್ಲಿದ್ದಾನೆ. ಆಫೀಸಿನಲ್ಲಾಗಲಿ ಬೀದಿಯಲ್ಲಾಗಲಿ ಅವನ ಗಂಟಲು ಏರಿದ್ದನ್ನು ನಾನು ಕಂಡಿಲ್ಲ. ಅದೇ ಬೀದಿಯಲ್ಲಿ ಎದುರು ಮನೆಯವರು ಎಲೆ ಊದುವ ಯಂತ್ರವನ್ನು ಶನಿವಾರ ಎಂಟು ಗಂಟೆಗೇ ಶುರುಮಾಡುತ್ತಾರೆ. ಅದು ಗದ್ದಲವೆಂದು ಯಾರಿಗೂ ಅನ್ನಿಸುವುದಿಲ್ಲ. ಯಾರ ಸದ್ದು ಊರಿನ ಸದ್ದು, ಯಾರದ್ದು ಗಲಾಟೆ ಎಂಬುದನ್ನು ಡೆಸಿಬೆಲ್ ಮಾಪಕ ಹೇಳುವುದಿಲ್ಲ.

ಈ ಊರಂತೂ ತನ್ನ ಸದ್ದಿಗೆ ಹಬ್ಬವನ್ನೇ ಮಾಡುತ್ತದೆ. ಆಗಸ್ಟ್ ತಿಂಗಳ ಮೂರನೇ ಶನಿವಾರ ವುಡ್‌ವರ್ಡ್ ಅವೆನ್ಯೂ ಎಂಬ ರಸ್ತೆಯ ಉದ್ದಕ್ಕೂ ಹಳೆಯ ಕಾರುಗಳ ಮೆರವಣಿಗೆ. 1995ರಲ್ಲಿ ಫರ್ನ್‌ಡೇಲ್ ಎಂಬ ಪುಟ್ಟ ಊರಿನವರು ಮಕ್ಕಳ ಫುಟ್‌ಬಾಲ್ ಮೈದಾನಕ್ಕೆ ಹಣ ಕೂಡಿಸಲು ಶುರುಮಾಡಿದ್ದು ಈಗ ಜಾತ್ರೆಯಾಗಿದೆ. ಜನ ಮಡಿಸುವ ಕುರ್ಚಿ ತಂದು ರಸ್ತೆಯ ಅಂಚಿಗೆ ಹಾಕಿಕೊಂಡು, ತೇರು ನೋಡುವ ಹಾಗೆ ಇಡೀ ದಿನ ಕೂತಿರುತ್ತಾರೆ. ಕಣ್ಣು ಮುಚ್ಚಿ ಕೇಳಿಯೇ ಇದು ಷೆವಿ, ಇದು ಮೋಪಾರ್, ಇದು ಫೋರ್ಡ್ ಎಂದು ಹೇಳುವ ಮುದುಕರು ಅಲ್ಲಿದ್ದಾರೆ. ಗೆಳೆಯನ ಅಮ್ಮನನ್ನು ಅವರ ಪಕ್ಕ ಕೂರಿಸಬೇಕು ಎಂದು ನನಗೆ ಒಮ್ಮೆ ಅನ್ನಿಸಿತ್ತು.

ಶನಿವಾರ ಮಧ್ಯಾಹ್ನ ಊಟ ಮುಗಿಸಿ ಹೋದೆ. ಗ್ಯಾರೇಜಿನಲ್ಲಿ ಮಸ್ಟ್ಯಾಂಗ್ ನಾಲ್ಕು ಜ್ಯಾಕ್ ಸ್ಟ್ಯಾಂಡುಗಳ ಮೇಲೆ ನಿಂತಿತ್ತು. ಚಕ್ರಗಳು ಗಾಳಿಯಲ್ಲಿ ಜೋತುಬಿದ್ದಿದ್ದವು. ಜೋತುಬೀಳುವುದೇ ಬೇಕಾದದ್ದು, ಯಾಕೆಂದರೆ ಈ ಕಾರಿನ ಕೊಳವೆ ಹಿಂದಿನ ಆಕ್ಸಲಿನ ಮೇಲಿಂದ ಬೆಟ್ಟ ಹತ್ತಿ ಇಳಿದ ಹಾಗೆ ಬಾಗಿಕೊಂಡು ಹೋಗುತ್ತದೆ; ಆಕ್ಸಲ್ ಕೆಳಗಿಳಿಯದಿದ್ದರೆ ಅದನ್ನು ಹೊರಗೆಳೆಯಲು ಜಾಗವಿರುವುದಿಲ್ಲ. ಬದಲಾಯಿಸುವುದು ಕ್ಯಾಟಲಿಟಿಕ್ ಕನ್ವರ್ಟರಿನ ಹಿಂದಿನ ಭಾಗವನ್ನು ಮಾತ್ರ. ಹೊಗೆಯ ವಿಷ ಕಡಿಮೆ ಮಾಡುವ ಕನ್ವರ್ಟರನ್ನು ತೆಗೆಯುವುದು ಇಲ್ಲಿ ಅಪರಾಧ. ಗೆಳೆಯನಿಗೆ ಅದು ಪಾಪವೂ ಹೌದು.

ಮಿಷಿಗನ್‌ನಲ್ಲಿ ಚಳಿಗಾಲದ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪು ತಿಂದ ಬೋಲ್ಟುಗಳು ಹತ್ತು ವರ್ಷದಲ್ಲಿ ಕಬ್ಬಿಣವೋ ಕೊಬ್ಬರಿ ಮಿಠಾಯಿಯೋ ಎಂದು ಹೇಳಲಾಗದ ಸ್ಥಿತಿಗೆ ಬಂದಿರುತ್ತವೆ. ಹಿಂದಿನ ರಾತ್ರಿಯೇ ಅವಕ್ಕೆ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಟ್ಟಿದ್ದ. ಆದರೂ ಎಡಗಡೆಯ ಕ್ಲಾಂಪಿನ ನಟ್ಟು ಒಂದು ಗಂಟೆ ಅಲ್ಲಾಡಲಿಲ್ಲ. ನಾನು ಟಾರ್ಚ್ ಹಿಡಿದು ಬೆನ್ನ ಮೇಲೆ ಮಲಗಿದ್ದೆ, ಅವನು ಸ್ಪ್ಯಾನರಿನ ಬಾಲಕ್ಕೆ ಪೈಪು ತೂರಿಸಿ ಉದ್ದ ಮಾಡಿಕೊಂಡು ತೂಗುತ್ತಿದ್ದ. ತುಕ್ಕಿನ ಪುಡಿ ಇಬ್ಬರ ಮುಖದ ಮೇಲೂ ಕುಂಕುಮದ ಹಾಗೆ ಉದುರುತ್ತಿತ್ತು. “ಅಪ್ಪ ಇದ್ದಿದ್ರೆ ಇದನ್ನ ಬೈದೇ ಬಿಚ್ಚಿಸ್ತಿದ್ರು” ಎಂದ. ಬೋಲ್ಟನ್ನೋ ನಮ್ಮನ್ನೋ ಎಂದು ಕೇಳಿದೆ. “ಇಬ್ಬರ್ನೂ.” ನಟ್ಟು ಕೊನೆಗೆ ಕೀಚ್ ಎಂದು ಒಂದು ಸುತ್ತು ತಿರುಗಿತು. ಅದಾದ ಮೇಲೆ ಇದ್ದದ್ದು ಕೊಳವೆಯನ್ನು ತೂಗುಹಾಕಿದ್ದ ರಬ್ಬರುಗಳು. ಸಾಬೂನು ನೀರು ಹಚ್ಚಿ, ತಿರುವಿ, ಎಳೆದು, ಒಂದೊಂದಾಗಿ ಕಳಚಿದೆವು.

ಹಳೆಯ ಮಫ್ಲರನ್ನು ನೆಲದ ಮೇಲಿಟ್ಟು ಹೊಸದರ ಪಕ್ಕ ಹೋಲಿಸಿದಾಗ ನನಗೆ ಇಡೀ ವ್ಯವಹಾರ ಅರ್ಥವಾಯಿತು. ಸದ್ದೆಂದರೆ ಒತ್ತಡದ ಅಲೆ. ಕಂಪನಿಯ ಡಬ್ಬಿಯೊಳಗೆ ಕೋಣೆಗಳಿರುತ್ತವೆ. ಅಲೆ ಒಂದರಿಂದ ಇನ್ನೊಂದಕ್ಕೆ ಹಾದು, ಗೋಡೆಗೆ ಬಡಿದು, ಹಿಂದೆ ಬಂದ ಅಲೆಯನ್ನು ತಾನೇ ಎದುರಿಸಿ ಸತ್ತುಹೋಗುತ್ತದೆ. ಅಮೆರಿಕದಲ್ಲಿ ಇಂಥ ಡಬ್ಬಿಗೆ ರೀವ್ಸ್ ಸಹೋದರರು 1897ರಲ್ಲೇ ಪೇಟೆಂಟ್ ಪಡೆದರು. ಅಂದರೆ ಕಾರು ಊರು ತುಂಬುವ ಮೊದಲೇ ಅದರ ಬಾಯಿ ಮುಚ್ಚಿಸುವ ಯೋಚನೆ ಆಗಿತ್ತು. ಹೊಸದರಲ್ಲಿ ಕೋಣೆಗಳಿಲ್ಲ. ನೇರ ಕೊಳವೆ, ಅದರ ಮೈತುಂಬ ತೂತು, ಸುತ್ತ ನಾರಿನ ಮೆತ್ತೆ. ಕೀರಲು ಸದ್ದನ್ನು ಮೆತ್ತೆ ಕುಡಿಯುತ್ತದೆ, ತಳದ ಸದ್ದು ಹಾದುಹೋಗುತ್ತದೆ. ಒಂದು ತುದಿಯಲ್ಲಿ ಕಣ್ಣಿಟ್ಟರೆ ಇನ್ನೊಂದು ತುದಿಯ ಬೆಳಕು ಕಾಣುತ್ತದೆ.

ತಯಾರಕರು ಇದನ್ನು ಮೂರು ಖಾರದಲ್ಲಿ ಮಾರುತ್ತಾರೆ. ಅತಿ ಜೋರಿನದನ್ನೇ ತರಿಸುತ್ತಾನೆಂದು ನಾನು ಅಂದುಕೊಂಡಿದ್ದೆ. ಅವನು ತರಿಸಿದ್ದು ಎಲ್ಲಕ್ಕಿಂತ ಸೌಮ್ಯವಾದದ್ದು. ಪಕ್ಕದ ಮನೆಯಲ್ಲಿ ಎರಡು ತಿಂಗಳ ಕೂಸಿದೆ. ಆ ಮನೆಯವಳನ್ನು ಮೊದಲೇ ಕಂಡು, ವಾರದ ದಿನ ಬೆಳಗ್ಗೆ ಈ ಕಾರು ತೆಗೆಯುವುದಿಲ್ಲ, ಭಾನುವಾರ ಹತ್ತರ ಮೇಲೆ ಎಂದು ಮಾತಾಡಿಕೊಂಡು ಬಂದಿದ್ದ. 2018ರ ನಂತರದ ಮಸ್ಟ್ಯಾಂಗುಗಳಲ್ಲಿ ಇದಕ್ಕೊಂದು ವ್ಯವಸ್ಥೆಯೇ ಇದೆ. ‘ಗುಡ್ ನೇಬರ್ ಮೋಡ್’ ಎಂದು ಹೆಸರು. ಫೋರ್ಡಿನ ಎಂಜಿನಿಯರೊಬ್ಬರು ತಮ್ಮ ಮನೆಯಿಂದ ಕಾರು ಹೊರತೆಗೆಯುವಾಗ ಪಕ್ಕದವರು ಪೊಲೀಸರನ್ನು ಕರೆಸಿದರಂತೆ, ಆ ಪ್ರಸಂಗದಿಂದ ಹುಟ್ಟಿದ್ದು ಅದು. ಬೆಳಗ್ಗೆ ಇಷ್ಟು ಗಂಟೆಯವರೆಗೆ ಮೆಲ್ಲಗೆ ಎಂದು ಹೇಳಿಟ್ಟರೆ ಕೊಳವೆಯೊಳಗಿನ ಕದ ಮುಚ್ಚಿಕೊಂಡು ಕಾರು ತಗ್ಗಿದ ದನಿಯಲ್ಲಿ ಏಳುತ್ತದೆ. 2013ರದ್ದರಲ್ಲಿ ಆ ಭಾಗ್ಯವಿಲ್ಲ. ಬೀದಿಯ ಕೊನೆಗೆ ತಳ್ಳಿಕೊಂಡು ಹೋಗೋಣವೆಂದರೆ ಇದು 1,600 ಕಿಲೋಗೂ ಹೆಚ್ಚು ತೂಗುತ್ತದೆ.

ಹೊಸ ಕೊಳವೆಗಳನ್ನು ಆಕ್ಸಲಿನ ಮೇಲಿಂದ ತೂರಿಸಿ, ಎಲ್ಲವನ್ನೂ ಮೊದಲು ಸಡಿಲವಾಗಿ ಕೂರಿಸಿ, ಆಮೇಲೆ ಮುಂದಿನಿಂದ ಹಿಂದಕ್ಕೆ ಬಿಗಿಮಾಡುತ್ತ ಬಂದೆವು. ಬಿಗಿಮಾಡುವುದಕ್ಕಿಂತ ಹೊತ್ತು ಹಿಡಿದದ್ದು ಹಿಂದಿನ ಬಂಪರಿನಲ್ಲಿ ಎರಡೂ ಕೊಳವೆಯ ಬಾಯಿಗಳನ್ನು ಸಮನಾಗಿ ನಿಲ್ಲಿಸುವುದು. ಬಲಗಡೆಯದು ಬೆರಳಿನಷ್ಟು ತಗ್ಗಿದೆ ಎಂದು ಅವನು, ಎಡಗಡೆಯದು ಏರಿದೆ ಎಂದು ನಾನು. ಆ ವಾದದ ನಡುವೆ ಅವನು ಗ್ಯಾರೇಜಿನ ನೆಲದ ಮೇಲೆ ಕೂತು ಈ ಎಂಜಿನ್ನಿನ ತಾಳವನ್ನು ಹೇಳಿಕೊಟ್ಟ. ಎಂಟು ಸಿಲಿಂಡರ್, ಎಡಕ್ಕೆ ನಾಲ್ಕು, ಬಲಕ್ಕೆ ನಾಲ್ಕು. ಒಂದಾದ ಮೇಲೊಂದು ಉರಿಯುವ ಕ್ರಮ 1-5-4-8-6-3-7-2. ಒಂದರಿಂದ ನಾಲ್ಕು ಬಲಗಡೆ, ಐದರಿಂದ ಎಂಟು ಎಡಗಡೆ. ಅದನ್ನು ತೊಡೆಯ ಮೇಲೆ ತಟ್ಟಿ ತೋರಿಸಿದ: ಬಲ, ಎಡ, ಬಲ, ಎಡ, ಎಡ, ಬಲ, ಎಡ, ಬಲ. ಎಂಟೂ ಪೆಟ್ಟು ಸಮ ಅಂತರದಲ್ಲಿ, ಆದಿತಾಳದ ಹಾಗೆ. ಆದರೆ ನಡುವೆ ಎಡ ಎರಡು ಸಲ, ತಿರುಗಿ ಬರುವಾಗ ಬಲ ಎರಡು ಸಲ. ಹಾಗಾಗಿ ಒಂದೇ ಕಡೆಯ ಕೊಳವೆಗೆ ಕಿವಿಗೊಟ್ಟರೆ ಅಲ್ಲಿ ಲಯ ಸಮವಿಲ್ಲ, ಎಡವಿ ಎಡವಿ ನಡೆಯುತ್ತದೆ. ಅಮೆರಿಕದ ವಿ8 ಎಂದರೆ ಜನ ಮರುಳಾಗುವ ಆ ಗುಡುಗುಡು ಬರುವುದು ಈ ಎಡವಿನಿಂದ. ನಾನೂ ತೊಡೆಯ ಮೇಲೆ ತಟ್ಟಿ ನೋಡಿದೆ. ಮೃದಂಗ ಕಲಿಯಲು ಹೋಗಿ ಎರಡು ತಿಂಗಳಲ್ಲಿ ಬಿಟ್ಟ ಕೈ. ಆದರೂ ನಾಲ್ಕನೇ ಸುತ್ತಿಗೆ ಕೂತಿತು.

ಕೆಲಸ ಮುಗಿದಾಗ ಸಂಜೆ ಎಂಟು. ಮಿಷಿಗನ್‌ನ ಜೂನ್‌ನಲ್ಲಿ ಆಗಲೂ ಬಿಸಿಲಿರುತ್ತದೆ. ಮೈಸೂರಿನಲ್ಲಿ ಭಾನುವಾರದ ಬೆಳಗಿನ ಐದೂವರೆ. ಅಪ್ಪ ಎದ್ದಿರುವ ಹೊತ್ತು. ಕಾರನ್ನು ಇಳಿಸಿ, ಗ್ಯಾರೇಜಿನ ಹೊರಗೆ ತಂದು ನಿಲ್ಲಿಸಿ, ವಿಡಿಯೋ ಕಾಲ್ ಹಚ್ಚಿ, ನನ್ನ ಕೈಗೆ ಫೋನ್ ಕೊಟ್ಟ. ತೆರೆಯ ಮೇಲೆ ಅಪ್ಪನ ಹಣೆ ಮತ್ತು ಅಮ್ಮನ ಅರ್ಧ ಮುಖ. ಅವನು ಕಾರಿಗೆ ಜೀವ ಕೊಟ್ಟ. ನನ್ನ ಎದೆಗೂಡಿನೊಳಗೆ ಯಾರೋ ಬಾಗಿಲು ತಟ್ಟಿದ ಹಾಗಾಯಿತು. ಈ ಸದ್ದಿನ ವಿರೋಧಿ ನಾನು. ಆದರೆ ಚೆನ್ನಾಗಿತ್ತು, ಸುಳ್ಳು ಹೇಳಲಾರೆ.

“ಯಾವಾಗ ಸ್ಟಾರ್ಟ್ ಮಾಡ್ತೀಯೋ?” ಎಂದರು ಅಮ್ಮ.

ಆಗಿದೆ ಅಮ್ಮಾ ಎಂದು ಗೆಳೆಯ ಕೂಗಿದ. “ಎಲ್ಲಿ? ನಿನ್ನ ಮಾತು ಬಿಟ್ಟು ಏನೂ ಕೇಳಿಸ್ತಾನೇ ಇಲ್ವಲ್ಲ!” ಫೋನಿನೊಳಗೆ ಕೂತಿರುವ ತಂತ್ರಾಂಶ ಮನುಷ್ಯರ ಮಾತನ್ನು ಉಳಿಸಿಕೊಂಡು, ಒಂದೇ ಸಮ ಬರುವ ಹಿನ್ನೆಲೆಯ ಸದ್ದನ್ನೆಲ್ಲ ಕಸವೆಂದು ಸೋಸಿಬಿಡುತ್ತದೆ. ಸಾವಿರಾರು ಡಾಲರಿನ ಎಂಜಿನ್ನು, ಕೊಳವೆ, ನಮ್ಮ ಆರು ಗಂಟೆಯ ಬೆವರು ಎಲ್ಲ ಅದರ ಲೆಕ್ಕದಲ್ಲಿ ಕಸ. ಮಾರ್ಚಿಯಲ್ಲಿ ಅಪ್ಪನಿಗೆ ಕೇಳದೇ ಹೋದದ್ದು ಕಿವಿಯಿಂದಲ್ಲದೆ ಇರಬಹುದು ಎಂದು ಗೆಳೆಯನಿಗೆ ಆ ಕ್ಷಣ ಹೊಳೆಯಿತೆಂದು ಅವನ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಅವನು ಏನೂ ಹೇಳಲಿಲ್ಲ. ಕಾಲ್ ಕತ್ತರಿಸಿ, ಕ್ಯಾಮೆರಾದಲ್ಲಿ ಒಂದು ನಿಮಿಷದ ವಿಡಿಯೋ ತೆಗೆದು ಕಳಿಸಿದ. ಎರಡು ನೀಲಿ ಗೆರೆ ಬಂದವು. ಐದು ನಿಮಿಷ ಏನೂ ಇಲ್ಲ. ಆಮೇಲೆ ಅವರೇ ಕರೆ ಮಾಡಿದರು. ಅಪ್ಪ ಫೋನನ್ನು ಸ್ಟೀಲಿನ ಚೊಂಬಿನೊಳಗಿಟ್ಟು, ಚೊಂಬಿನ ಬಾಯಿಗೆ ಒಳ್ಳೆಯ ಕಿವಿ ಹಚ್ಚಿ ಮೂರು ಸಲ ಕೇಳಿದರೆಂದು ಅಮ್ಮ ವರದಿ ಒಪ್ಪಿಸಿದರು.

“ಕಫ ಕಟ್ಟಿದ ಹಾಗಿದೆ” ಎಂದರು ಅಪ್ಪ. ಗೆಳೆಯ ನಗಲೂ ಆಗದೆ ನಿಂತ. “ಗಂಟಲು ದೊಡ್ಡದಲ್ವಾ, ಹಾಗೇ ಇರುತ್ತೆ. ಕೆಟ್ಟದಿಲ್ಲ.”

ಅಷ್ಟರಲ್ಲಿ ಅಮ್ಮ ತೆರೆಯಲ್ಲಿ ಏನನ್ನೋ ಕಂಡು ಗಾಬರಿಯಾದರು. ಕಾರಿನ ಅಡಿಯಿಂದ ತೆಳುವಾಗಿ ಹೊಗೆ ಏಳುತ್ತಿತ್ತು. “ಅಯ್ಯೋ, ಹೊಗೆ ಬರ್ತಿದೆಯಲ್ಲೋ!” ಅಪ್ಪ ಅತ್ತ ನೋಡಿ ಕೈಯಾಡಿಸಿದರು. ಹೊಸ ಪೈಪು, ಮೈಗೆ ಎಣ್ಣೆ ಇರುತ್ತೆ, ಸುಟ್ಟು ತಾನಾಗಿ ನಿಲ್ಲುತ್ತೆ ಎಂದರು. ಆಮೇಲೆ ಮಗನಿಗಲ್ಲ, ಫೋನ್ ಹಿಡಿದಿದ್ದ ನನಗೆ ಹೇಳಿದರು: “ನೋಡಪ್ಪಾ, ಇಬ್ಬರೂ ಹಿಂದೆ ಹೋಗಿ. ನೀನೊಂದು ಪೈಪು, ಅವನೊಂದು ಪೈಪು. ಮುಟ್ಟಬೇಡಿ. ಒಂದು ಗೇಣು ದೂರ ಅಂಗೈ ಹಿಡೀರಿ. ಎರಡೂ ಕಡೆ ಒಂದೇ ಸಮ ತಳ್ಳುತ್ತಾ ನೋಡಿ. ನಾವು ಪ್ರತಿ ಗಾಡಿಗೂ ಹಾಗೇ ನೋಡ್ತಿದ್ದಿದ್ದು. ಸದ್ದು ಮೋಸ ಮಾಡುತ್ತೆ, ಕೈ ಮೋಸ ಮಾಡಲ್ಲ.”

ಫೋನನ್ನು ಗ್ಯಾರೇಜಿನ ಗೋಡೆಗೆ ಒರಗಿಸಿಟ್ಟು ಕಾರಿನ ಹಿಂದೆ ಕುಕ್ಕರಗಾಲಿನಲ್ಲಿ ಕೂತೆವು. ಅವನು ಎಡಕ್ಕೆ, ನಾನು ಬಲಕ್ಕೆ. ಬೆಚ್ಚನೆಯ ಗಾಳಿ ಅಂಗೈಗೆ ಬಡಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಕೈ ಅದಲು ಬದಲು ಮಾಡಿಕೊಂಡೆವು. ಪಕ್ಕದ ಮನೆಯವಳು ಕೂಸನ್ನು ಹೆಗಲಿಗೆ ಹಾಕಿಕೊಂಡು ಅಂಗಳಕ್ಕೆ ಬಂದು, ಇಬ್ಬರು ಗಂಡಸರು ಕಾರಿಗೆ ಮಂಗಳಾರತಿ ತೆಗೆದುಕೊಳ್ಳುವವರ ಹಾಗೆ ಕೂತಿರುವುದನ್ನು ನೋಡಿದಳು. ಕೂಸು ಮಲಗಿತ್ತು.

“ಒಂದೇ ಸಮ ಇದೆ ಅಪ್ಪ” ಎಂದು ಗೆಳೆಯ ಕೂಗಿದ. ಅಮ್ಮ ಅದನ್ನು ಅವರ ಕಿವಿಯಲ್ಲಿ ಮತ್ತೆ ಹೇಳಿದರು.

“ಹಾಗಾದ್ರೆ ಸರಿ. ಆಫ್ ಮಾಡು, ಪೆಟ್ರೋಲ್ ದಂಡ.”